ಸಪಾಟು

ಕವಲೇದುರ್ಗದ ಕಡೆಯವಳು ನಾನು.
ನಮ್ಮಲ್ಲಿ ರಸ್ತೆಗೆ ಲೆಕ್ಕ ಗೊತ್ತು,
ಹತ್ತಿಸಿದಷ್ಟನ್ನೂ ಇಳಿಸಿ ತೀರಿಸುತ್ತದೆ.
ಉಬ್ಬಸಪಟ್ಟು ತಿರುವು ದಾಟಿದರೆ
ಬ್ರೇಕಿನ ಮೇಲೆ ಎರಡು ಬೆರಳಿಟ್ಟು ಕೂತರಾಯಿತು,
ಮನೆ ತಾನಾಗಿ ಎದುರು ಬರುತ್ತದೆ.

ಇಲ್ಲಿ, ಹೊಳೆಹೊನ್ನೂರಿನಾಚೆ, ನಾಲೆ ಏರಿ ಹಿಡಿದರೆ
ಯಾರೂ ಏನೂ ವಾಪಸು ಕೊಡುವುದಿಲ್ಲ.
ತುಳಿದರೆ ಉಂಟು,
ಬಿಟ್ಟರೆ ನಿಂತೆ.

ಚಕ್ರದಡಿ ಜಲ್ಲಿ, ಹುರಿಗಡಲೆ ಅಗಿದ ಸದ್ದು.
ಮುಂದೆ ಜೆಸಿಂತಾ. ಪೇಪರ್ ಟೌನಿನ ಹುಡುಗಿ,
ಅಪ್ಪನ ಪಾಳಿಯ ಸೈರನ್ನಿಗೆ ಎದ್ದು ಬೆಳೆದವಳು.
ವಾರವಿಡೀ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುವ ನಾವಿಬ್ಬರು
ಭಾನುವಾರ ಹೀಗೆ,
ಟಗರಿನ ಕೊಂಬಿನ ಹ್ಯಾಂಡಲ್ಲು, ದಪ್ಪ ಟೈರು,
ಕಂತು ಇನ್ನೂ ಏಳು ಬಾಕಿ.

ಎಡಕ್ಕೆ ನೀರು. ಬಲಕ್ಕೆ ಕೆಸರು ಗದ್ದೆ,
ಕಬ್ಬಿಣದ ಚಕ್ರ ತೊಟ್ಟ ಟ್ರ್ಯಾಕ್ಟರು, ಅದರ ಹಿಂದೆ
ಹಾಜರಿ ಹಾಕಿಸಿಕೊಳ್ಳಲು ಬಂದಂತೆ ಬೆಳ್ಳಕ್ಕಿ.
ಒಂದು ಆಲದ ಮರ ದೂರದಲ್ಲಿ.
ಹದಿನೈದು ನಿಮಿಷ ತುಳಿದ ಮೇಲೂ
ಅದೇ ಮರ, ಅದೇ ದೂರ.
ಬೆಟ್ಟವಾದರೆ ಮರೆಯಲ್ಲಿಟ್ಟು ಆಸೆ ತೋರಿಸುತ್ತದೆ,
ಬಯಲು ಎಲ್ಲವನ್ನೂ ಮೊದಲೇ ಹೇಳಿಬಿಡುತ್ತದೆ
ಆಮೇಲೆ ಕಾಯಿಸುತ್ತದೆ.

ಆರಹತೊಳಲಿನ ಹತ್ತಿರ ಜಾಲಿ ಮುಳ್ಳು.
ಹಿಂದಿನ ಚಕ್ರ ನಿಟ್ಟುಸಿರು ಬಿಟ್ಟು ಕೂತಿತು.
ಪಂಪು ಇತ್ತು, ತೇಪೆ ಇತ್ತು, ಅಂಟು ಒಣಗಿತ್ತು.

ಆಗ ಬಂದವನು ಹಾಲೇಶಪ್ಪ, ನೀರುಗಂಟಿ,
ಕ್ಯಾರಿಯರಿನಲ್ಲಿ ತೂಬಿನ ಚಾವಿ, ಸನಿಕೆ, ಬುತ್ತಿ,
ನಮ್ಮಿಬ್ಬರ ಸೈಕಲ್ ಸೇರಿಸಿದರೂ ತೂಗದಷ್ಟು ಕಬ್ಬಿಣದ ಸೈಕಲ್ಲು.
ನಮ್ಮದನ್ನು ಒಂದೇ ಬೆರಳಲ್ಲಿ ಎತ್ತಿ ನೋಡಿದ,
'ಇದ್ರಲ್ಲಿ ಹೊರೆ ಏನ್ ಹೊರ್ತೀರಿ?'
ಏನೂ ಇಲ್ಲ ಅಂದೆ. ನಾಚಿಕೆಯಾಯಿತು.

ಟ್ಯೂಬನ್ನು ನಾಲೆಯಲ್ಲಿ ಮುಳುಗಿಸಿ
ಗುಳ್ಳೆ ಎದ್ದ ಜಾಗಕ್ಕೆ ಹೆಬ್ಬೆರಳೊತ್ತಿ
ಅವನು ಜೇಬಿನಿಂದ ತೆಗೆದ ಅಂಟು
ಬೀಡಿಕಟ್ಟಿನ ವಾಸನೆ ಹೊಡೆಯುತ್ತಿತ್ತು.

'ಸಪಾಟು ರಸ್ತೆ, ಆದರೂ ಸಾಕಾಗಿಹೋಯ್ತು' ಎಂದೆ,
ಮಾತಿಗೆ.
ಅವನು ತಲೆ ಎತ್ತಲಿಲ್ಲ.
'ಸಪಾಟು ಅಂತ ಯಾರಂದ್ರು?
ಸಪಾಟಾಗಿದ್ರೆ ನೀರು ಹೆಂಗಮ್ಮ ಹೋಗೋದು?
ಮೈಲಿಗೊಂದು ಅಡಿ ಇಳೀತದೆ, ಇಲ್ಲಿಂದ ಕೊನೇ ತನಕ.
ಆ ಒಂದಡಿಗೇ ರಾತ್ರಿ ಮೂರು ಗಂಟೇಲಿ
ಮಚ್ಚು ಹಿಡ್ಕೊಂಡು ನಿಂತವ್ರನ್ನ ಕಂಡೀನಿ.
ಕೊನೆಗದ್ದೆ ಗಂಗಮಾಳವ್ವ ನಾನು ಕಂಡ್ಕೂಡ್ಲೆ ಕೇಳೋದು ಒಂದೇ ಮಾತು,
ಹೊರಟಿತೇನೋ? ಅಂತ.
ನಾನು ಹೊರಟಿತವ್ವ ಅಂತೀನಿ.
ಬರೋದು ಬೇರೆ ಮಾತು.'

ಗಾಳಿ ತುಂಬಿದೆವು. ಅವನು ಬುತ್ತಿಯ ಗಂಟು ಮುಟ್ಟಿ ನೋಡಿಕೊಂಡು
ನೀರು ಹೋಗುವ ದಿಕ್ಕಿಗೇ ಹೋದ, ಕಿರ್ ಕಿರ್ ಅನ್ನುತ್ತ,
ನಡುವೆ ಇಳಿದು ಒಂದು ಸೋರುವ ತೂಬಿಗೆ
ಹುಲ್ಲು, ಮಣ್ಣು ತುರುಕಿ ಮತ್ತೆ ಹತ್ತಿದ.
ನಲವತ್ತು ವರ್ಷ ಹೀಗೇ ಇರಬೇಕು.
ಕೇಳಲಿಲ್ಲ.

ನಾವು ಹಿಂದಕ್ಕೆ ತಿರುಗಿದೆವು.
ಹಾಗಾದರೆ ಇದು ಏರು.
ಘಟ್ಟ ಹತ್ತಿದ ತೊಡೆಗಳಿವು, ಇವಕ್ಕೆ ಗೊತ್ತಾಗಬೇಕಲ್ಲ
ಮೈಲಿಗೊಂದು ಅಡಿ.
ಕಣ್ಣು ಮುಚ್ಚಿ ತುಳಿದೆ, ನಾಲ್ಕು ಸುತ್ತು, ಐದು.
'ಏಯ್, ನಾಲೆಗೆ ಹೋಗ್ತಿದೀಯ' ಜೆಸಿಂತಾ ಕೂಗಿದಳು.

ಎದುರುಗಾಳಿ ಬೇರೆ. ಭಾರವಾಗಿದ್ದು ಗಾಳಿಯೋ
ಆ ಒಂದಡಿಯೋ
ಅಥವಾ ಬೆಳಗಿನ ಎರಡೇ ಇಡ್ಲಿಯೋ.
ಕಾಲು ಹೇಳಲಿಲ್ಲ.
ಪಕ್ಕದಲ್ಲಿ ನೀರು
ಒಂದು ತೆಂಗಿನ ಚಿಪ್ಪನ್ನು ಹೊತ್ತುಕೊಂಡು
ನಮ್ಮನ್ನು ದಾಟಿ ಕೆಳಗೆ ಹೋಯಿತು,
ಅವಸರವೇ ಇಲ್ಲದೆ,
ಗೊತ್ತಿದ್ದವರು ಹೋಗುವ ಹಾಗೆ.