ನೀರು ಬದಲಿಸುವುದು

ಮೂರು ವರ್ಷ ಈಲ್ಯವು ಬಂದರಿನ ಕಡತದ ಕೋಣೆಯಲ್ಲಿ ಕೂತು
ಉಪ್ಪು ಕೂಡಿಟ್ಟೆ.
ಯಾವ ಹಡಗಿಗೆ ಎಷ್ಟು ಟನ್ನು, ಯಾರ ಸಹಿ,
ಒಂದು ದೋಣಿಗೆ ಎಷ್ಟು ಗಾಳ,
ಆ ಚಳಿಗಾಲ ಲಿಸ್ಬನ್ನಿನಲ್ಲಿ ಈರುಳ್ಳಿಯ ಧಾರಣೆ.
ನಲವತ್ತೊಂದು ನೋಟ್‌ಬುಕ್ಕು. ಮಂಚದ ಕೆಳಗೆ ಜಾಗ ಸಾಲದೆ
ಕೊನೆಯ ಆರು, ಅಡುಗೆಮನೆಯ ಗೂಡಿಗೆ ಹೋದವು.

ಅಜ್ಜ ಗ್ರೀನ್‌ಲ್ಯಾಂಡಿನ ಮಂಜಿನಲ್ಲಿ
ಪುಟ್ಟ ದೋಣಿಯಲ್ಲಿ ಒಬ್ಬನೇ ಹೋಗಿ ಕಾಣೆಯಾದ.
ಹೇಳಬೇಕಾದ್ದು ಇಷ್ಟೇ.
ಇಷ್ಟಕ್ಕೆ ನಾನೂರು ಪುಟ ಬೇಕಾಯಿತು ನನಗೆ.

ಕಟ್ಟು ಹೊತ್ತು ಬೆಲ್ಮೀರುವಿನ ಮನೆಗೆ ಹೋದೆ.
ಎಂಬತ್ತೊಂಬತ್ತರ ಮುದುಕ,
ಅಜ್ಜನ ಹಡಗಿನಲ್ಲಿ ಮೀಸೆ ಮೂಡದ ಹುಡುಗನಾಗಿದ್ದವನು.
ಓದಲು ಬರದು; ನಾನೇ ಓದಿದೆ.
ಹನ್ನೆರಡನೆಯ ಪುಟಕ್ಕೆ ಗದ್ದ ಎದೆಗೆ ತಾಗಿತು.
ಹದಿನೈದಕ್ಕೆ ಗೊರಕೆ.
ಹದಿನಾರನ್ನೂ ಓದಿದೆ, ಹಟಕ್ಕೆ,
ಗೋಡೆಗೆ, ಬೆಕ್ಕಿಗೆ.
ಬೆಕ್ಕೂ ಎದ್ದು ಹೋಯಿತು.

ಎಚ್ಚರವಾದಾಗ ಕೇಳಿದ:
"ಮಂಜು ಇನ್ನೂ ಬರಲಿಲ್ಲವೆ?"

ಒಳಗೆ ಅವನ ಮಗಳು ಅರ್ಮಿಂಡ
ಬೋಗುಣಿಯ ನೀರು ಚೆಲ್ಲಿ ಹೊಸ ನೀರು ತುಂಬುತ್ತಿದ್ದಳು.
ಹಲಗೆಯಂತೆ ಒಣಗಿದ ಕಾಡ್ ಮೀನು, ಚರ್ಮ ಮೇಲಾಗಿ.
"ಎರಡು ದಿನ ನೆನೆಯಬೇಕು," ಅಂದಳು,
"ಆಗಾಗ ನೀರು ಬದಲಿಸುತ್ತಾ.
ಉಪ್ಪಿಲ್ಲದಿದ್ದರೆ ಇದು ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.
ಹಾಗಂತ ಉಪ್ಪಿನ ಸಮೇತ ಬಡಿಸಿದರೆ ಯಾರು ತಿಂದಾರು?"
ಮೀನಿನ ಬಗ್ಗೆಯೇ ಅಂದದ್ದು ಅವಳು.
ನನ್ನ ಕಿವಿ ಬಿಸಿಯಾಯಿತು.

ಅಂದು ರಾತ್ರಿ ಟನ್ನುಗಳನ್ನು ಹೊಡೆದುಹಾಕಿದೆ. ಸಹಿಗಳನ್ನು.
ಈರುಳ್ಳಿಯ ಧಾರಣೆಗೆ ಮಾತ್ರ ಕೈ ಬರಲಿಲ್ಲ:
ಮೂರು ಸಲ ಹೊಡೆದು ಮೂರು ಸಲ ಉಳಿಸಿದೆ,
ಅದನ್ನು ಹುಡುಕಲು ಒಂದು ಇಡೀ ಜನವರಿ ತೆತ್ತಿದ್ದೆ.
ಕೊನೆಗೆ ಅಜ್ಜನ ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟೆ,
ಧಾರಣೆಯಿಲ್ಲದೆ.

ಮತ್ತೆ ಹೋದೆ, ಒಂಬತ್ತೇ ಪುಟ ಹಿಡಿದು.
ಮೊದಲ ಸಾಲಿನಲ್ಲೇ ಮಂಜು ಇಳಿದಿತ್ತು,
ದಾರಿ ತಪ್ಪಿದವನು ಶಂಖ ಊದುತ್ತಿದ್ದ.
ಬೆಲ್ಮೀರು ಕೈಯೆತ್ತಿ ತಡೆದ:
"ಶಂಖ ಎಡಗೈಯಲ್ಲಿ.
ಬಲಗೈಗೆ ಎರಡು ಬೆರಳು ಇರಲಿಲ್ಲ ಅವನಿಗೆ."

ನಲವತ್ತೊಂದು ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಇರಲಿಲ್ಲ
ಆ ಇಲ್ಲದ ಬೆರಳುಗಳು.

ಅಂಚಿನಲ್ಲಿ ಗೀಚಿಕೊಳ್ಳುತ್ತಿದ್ದೆ.
ಕುರ್ಚಿಯನ್ನು ಹತ್ತಿರ ಎಳೆದುಕೊಂಡು
"ಓದು ಓದು," ಅಂದ, "ಆಮೇಲೇನಾಯಿತು?"

ಆಮೇಲೇನಾಯಿತೆಂದು
ಹಡಗಿನ ಕಟಕಟೆ ಹಿಡಿದು ರಾತ್ರಿಯಿಡೀ
ಕೇಳಿಸಿಕೊಂಡಿದ್ದವನು.