ಅರ್ಧ ರಾತಲಿನ ಕಲ್ಲು

ನನಗಿಂತ ಮೊದಲು ಮನೆಯಲ್ಲಿ ಬುಶ್ರಾ ಇದ್ದ.
ಬುಶ್ರಾ ಎಂದರೆ ಸಿಹಿಸುದ್ದಿ.
ನಾಲ್ಕೇ ವರ್ಷದ ಸುದ್ದಿ.
ಆ ಆಗಸ್ಟಿನಲ್ಲಿ ಅತ್ಬರಾ ಹೊಳೆ
ಕೆಂಪಗೆ ಏರಿ ಬಂದು ಇಳಿದಾಗ
ದಡದಲ್ಲಿ ಒಂದು ಚಪ್ಪಲಿ ಉಳಿದಿತ್ತು,
ಎಡಗಾಲಿನದು.

ಹನ್ನೊಂದು ತಿಂಗಳಿಗೆ ನಾನು.
ಗಂಡೋ ಹೆಣ್ಣೋ ಎಂದಷ್ಟೇ ಕೇಳಿ,
ಮುಖ ಕೂಡ ನೋಡದೆ
ಅಜ್ಜಿ ಹೆಸರಿಟ್ಟುಬಿಟ್ಟಳಂತೆ: ಅವದ್.
ಕಳೆದದ್ದಕ್ಕೆ ಕೊಟ್ಟದ್ದು.
ಮೇಲಿನವನು ತೀರಿಸಿದ ಮುಯ್ಯಿ.

ರೈಲ್ವೆ ವಠಾರದ ನಮ್ಮ ಓಣಿಯಲ್ಲೇ
ಅವದ್‌ಗಳು ಮೂವರು, ಅವದಿಯ್ಯ ಒಬ್ಬಳು.
ನೀನು ಯಾರ ಬದಲಿಗೆ ಎಂದು
ಗೋಲಿಯಾಡುವಾಗ ಯಾರೂ ಕೇಳುತ್ತಿರಲಿಲ್ಲ.
ಮೊಣಕಾಲಿನ ಮಚ್ಚೆಯ ಹಾಗೆ
ಅದು ಎಲ್ಲರಿಗೂ ಗೊತ್ತಿದ್ದದ್ದು.
ಗಾಡಿ ಹೊಡೆಯುವ ಜಾದೈನನ ಮಗ ಮಾತ್ರ
ಸತ್ತ ಕತ್ತೆಯ ಬದಲಿಗೆ ಹುಟ್ಟಿದವನು
ಎಂದು ನಗುತ್ತಿದ್ದೆವು.
ನಿಜವೂ ಇರಬಹುದು. ಒಳ್ಳೆಯ ಕತ್ತೆ ಅದು.

ನಮ್ಮ ಕಡೆ ಗಡಿಗೆ ಒಡೆದರೆ, ಹಾಲು ಉಕ್ಕಿ ಚೆಲ್ಲಿದರೆ,
ಪೋರ್ಟ್ ಸುಡಾನಿನ ಗೂಡ್ಸ್ ಗಾಡಿಗೆ ಆಡು ಸಿಕ್ಕರೆ
'ದೇವರು ತುಂಬಿಕೊಡಲಿ' ಅನ್ನುತ್ತಾರೆ.
ಅರಬಿಯಲ್ಲಿ ಆ ಮಾತಿನ ಹೊಟ್ಟೆಯೊಳಗೆ
ನನ್ನ ಹೆಸರು ಕೂತಿದೆ.
ಅದಕ್ಕೇ ಊರಲ್ಲಿ ಎಲ್ಲಿ ಏನು ಒಡೆದರೂ
ನಾನು ತಿರುಗಿ ನೋಡುತ್ತೇನೆ,
ಯಾರೋ ಕರೆದರು ಎಂದು.

ಬುಶ್ರಾನ ಅಂಗಿಯನ್ನು
ಅಮ್ಮ ನನಗೆ ಹಾಕಲಿಲ್ಲ.
ಒಂದು ಸಲ ನಾನೇ ಪೆಟ್ಟಿಗೆಯಿಂದ ತೆಗೆದು ತೊಟ್ಟು
ಅಂಗಳದಲ್ಲಿ ನಿಂತೆ. ಕೈ ಗಿಡ್ಡ.
ಬೈಯಲಿಲ್ಲ, ಹೊಡೆಯಲಿಲ್ಲ,
ಒಲೆ ಬಿಟ್ಟು ಎದ್ದು ಹೋದಳು.
ರೊಟ್ಟಿ ಸೀದ ವಾಸನೆ ಬಂದಾಗ
ಅಂಗಿಯನ್ನು ಮಡಿಸಿದ್ದಲ್ಲಿಗೇ ಮಡಿಸಿ ಇಟ್ಟೆ.

ಈಗ ಪೇಟೆಯಲ್ಲಿ ನನ್ನದೊಂದು ಅಂಗಡಿ.
ಕಾಫಿಬೀಜ, ಒಣಶುಂಠಿ, ಕರ್ಕಡೆ ಹೂವು.
ತಕ್ಕಡಿಯ ಕಬ್ಬಿಣದ ಬಟ್ಟುಗಳಲ್ಲಿ
ಅರ್ಧ ರಾತಲಿನದು ಎಂದೋ ಕಳೆದುಹೋಗಿ
ಹೊಳೆಯಿಂದ ಒಂದು ಕಲ್ಲು ತಂದಿಟ್ಟೆ,
ನುಣ್ಣಗಿನದು, ಇಲಿಮರಿಯ ಬಣ್ಣದ್ದು.
ಗಿರಾಕಿಗಳು ಅದನ್ನೂ ಅವದ್ ಎಂದೇ ಕರೆದರು.
'ಎರಡು ಅವದ್ ಶುಂಠಿ ಹಾಕು, ಅವದ್.'

ಹೋದ ವರ್ಷ ತೂಕದ ಸಾಹೇಬ ಬಂದು
ತನ್ನ ಹಿತ್ತಾಳೆಯ ಬಟ್ಟನ್ನು ಅದಕ್ಕೆದುರು ಇಟ್ಟ.
ಕಲ್ಲು ಕೆಳಗಿಳಿಯಿತು.
'ಮೂವತ್ತು ವರ್ಷದಿಂದ ನೀನು ಹೆಚ್ಚೇ ಕೊಡುತ್ತಿದ್ದೀಯ, ಮಾರಾಯ.'
ದಂಡ ಹಾಕುವುದೋ ಬೇಡವೋ ತಿಳಿಯದೆ
ಒಂದು ಕಾಫಿ ಕುಡಿದು ಹೋದ.
ಕಲ್ಲನ್ನು ತೆಗೆಯಲು ನನಗೂ ಮನಸ್ಸಾಗಲಿಲ್ಲ.

ಅಮ್ಮನಿಗೆ ಎಂಬತ್ತಾರು.
ಹಗಲು ರಾತ್ರಿ ಅವಳಲ್ಲಿ ಕಲೆಸಿಹೋಗಿವೆ.
ನಿನ್ನೆ ಸಂಜೆ ಅಂಗರೇಬ್ ಮಂಚದ ಮೇಲೆ ಕೂತು,
ಸೆರಗು ಮುಖಕ್ಕೆ ಎಳೆದುಕೊಂಡು, ಸಾವಿನ ಮನೆಯವರ ಹಾಗೆ
ತೂಗಾಡುತ್ತಿದ್ದಳು.
ಏನಾಯಿತು ಎಂದೆ.
'ಅವದ್ ಹೊಳೆಗೆ ಹೋದವನು ಬರಲೇ ಇಲ್ಲ.'

ನಾನು ಕಾಫಿಯ ಜಬನ ಹಿಡಿದು ನಿಂತಿದ್ದೆ.
ಜಬನದ ಕತ್ತಿನಿಂದ ಹಬೆ.
'ಎಷ್ಟು ವರ್ಷದವನು?'
'ಐವತ್ತೆಂಟು,' ಅಂದಳು. 'ಇನ್ನೂ ಚಿಕ್ಕವನು.
ಶುಂಠಿ ಮಾರುತ್ತಿದ್ದ. ಎಡಗಿವಿ ಕೇಳುತ್ತಿರಲಿಲ್ಲ.
ನಾನು ಬಲಗಡೆಯಿಂದಲೇ ಕರೆಯುತ್ತಿದ್ದೆ.'

ನನಗೆ ಗೊತ್ತಿರಲಿಲ್ಲ ಅದು,
ಅವಳು ಬಲಗಡೆಯಿಂದ ಕರೆಯುತ್ತಿದ್ದದ್ದು.

ನೆರೆಮನೆಯವರು ಹೇಳುವುದನ್ನೇ ನಾನೂ ಹೇಳಿದೆ:
'ದೇವರು ತುಂಬಿಕೊಡಲಿ, ತಾಯಿ.'
ಅವಳು ಸೆರಗು ಸರಿಸಿ ನೋಡಿದಳು,
ತೂಕದಲ್ಲಿ ಮೋಸ ಮಾಡಿದವನನ್ನು ನೋಡುವ ಹಾಗೆ.
'ಬೇಡ. ಬದಲಿ ಬೇಡ ನನಗೆ.
ಅವನೇ ಬರಲಿ.'

ಬಟ್ಟಲಿಗೆ ಬಗ್ಗಿಸಿ ಕೊಟ್ಟೆ.
ಎರಡು ಗುಟುಕು ಕುಡಿದು ಮುಖ ಸಿಂಡರಿಸಿದಳು.
ಶುಂಠಿ ಜಾಸ್ತಿ ಅಂದಳು.