ಟೇಕ್ ಇನ್

ಗ್ರಿಮ್ಸ್‌ಬಿಯ ಹಡಗುಕಟ್ಟೆಗೆ ಮೂರು ಬೀದಿ ಹಿಂದೆ
ಡೋರೀನ್ ಆಡ್ಲಿಂಗಳ ಕಿಟಕಿಗೆ ಅಂಟಿಸಿದ ರಟ್ಟು:
‘ಟೇಕ್ ಇನ್ ಮಾಡಿಕೊಡಲಾಗುವುದು.’
‘ಉಡುಪು’ ಎಂಬ ಮೊದಲ ಪದ
ಯಾವುದೋ ಬೇಸಿಗೆಯಲ್ಲಿ ಮಾಸಿಹೋಗಿದೆ.

ಅದರ ಕೆಳಗೆ, ಪೆಟ್ಟಿಗೆಯ ಮೇಲೆ ಕೂತಿದ್ದಾಳೆ ಯೂರ್ಗಾ.
ಲಿಥುವೇನಿಯಾದಿಂದ ಬಂದು ಐದು ಗಂಟೆ.
ಏಜೆಂಟು ಕೊಟ್ಟ ವಿಳಾಸದಲ್ಲಿ
ಹಲಗೆ ಬಡಿದ ಚಿಪ್ಸ್ ಅಂಗಡಿ.
ಮುಂಗಡ ಹೋಯಿತು. ಫೋನು ಎತ್ತುವವರಿಲ್ಲ.
ಪುಟ್ಟ ನಿಘಂಟು ತಿರುವಿದಳು:
ಟೇಕ್ ಎಂದರೆ ತೆಗೆದುಕೋ, ಇನ್ ಎಂದರೆ ಒಳಗೆ.
ಸರಿ, ಎಂದು ಬಾಗಿಲು ತಟ್ಟಿದಳು.

“ಒಳಗೆ ತೆಗೆದುಕೊಳ್ಳುತ್ತೀರಂತೆ.”
ಡೋರೀನಳ ಬಾಯಲ್ಲಿ ನಾಲ್ಕು ಗುಂಡುಸೂಜಿ;
ನಗಲೂ ಆಗದು, ತಿದ್ದಲೂ ಆಗದು.
ಹೆಬ್ಬೆರಳಲ್ಲಿ ಮೆಟ್ಟಿಲು ತೋರಿಸಿದಳು.

ಮರುದಿನ ಸೂಜಿ ತೆಗೆದಿಟ್ಟು ಪಾಠ.
ಆ ಏಜೆಂಟು ನಿನಗೆ ಮಾಡಿದ್ದು, ಅದೂ ಟೇಕ್ ಇನ್ನೇ;
ನೀನು ಮೋಸಕ್ಕೆ ಒಳಗಾದೆ.
ಮಳೆ ಹನಿಯಿತೆಂದು ಹಗ್ಗದ ಬಟ್ಟೆ ಬಾಚಿ ತರುವುದೂ ಅದೇ.
ಯೂರ್ಗಾ ಬರೆಯುತ್ತ ತಡೆದಳು:
ಮೋಸಕ್ಕೂ ಆಸರೆಗೂ ಒಂದೇ ಮಾತೆ?
“ನಾನೇನು ಮಾಡಲಿ,
ಈ ಭಾಷೆ ನಾನು ಹೊಲಿದದ್ದಲ್ಲ.”

ಆ ಚಳಿಗಾಲ ಗಂಡ ವಿಲ್ಫ್‌ನ ಕೋಟು
ಮೂರು ಸಲ ಯಂತ್ರದಡಿ ಹೋಯಿತು.
ನವೆಂಬರಿನಲ್ಲಿ ಅರ್ಧ ಇಂಚು, ಕ್ರಿಸ್‌ಮಸ್ಸಿಗೆ ಮತ್ತೊಂದು,
ಫೆಬ್ರವರಿಯಲ್ಲಿ ಅಳತೆಪಟ್ಟಿ ಹಿಡಿದ ಕೈ
ಅವನ ಬೆನ್ನ ಮೇಲೆ ಸುಮ್ಮನೆ ನಿಂತುಬಿಟ್ಟಿತು.
ಹದಿನೆಂಟು ವರ್ಷ ಐಸ್‌ಲ್ಯಾಂಡಿನ ನೀರಲ್ಲಿ
ಬಲೆ ಎಳೆದ ಹೆಗಲು.

ಆಸ್ಪತ್ರೆಯಲ್ಲಿ ವೈದ್ಯೆ ಬಿಡಿಸಿ ಬಿಡಿಸಿ ಹೇಳಿದಳು.
ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ.
ಬಸ್ಸಿನಲ್ಲಿ ಡೋರೀನ್ ಟಿಕೇಟನ್ನು ಮಡಚಿ, ಮತ್ತೆ ಮಡಚಿ
“ಟೇಕ್ ಇನ್ ಮಾಡಿಕೊಳ್ಳಲು ಆಗ್ತಿಲ್ಲ” ಎಂದಾಗ
ಯೂರ್ಗಾ ಪುಸ್ತಕ ತೆಗೆಯಲಿಲ್ಲ.

ಏಪ್ರಿಲ್ ಕೊನೆ. ಮೀನು ಕಾರ್ಖಾನೆಯ ಶೀತಕೋಣೆಗೆ
ಹುಡುಗಿಗೊಂದು ಬೆಚ್ಚನೆಯದು ಬೇಕಿತ್ತು.
ಕೋಟು ನಾಲ್ಕನೆಯ ಸಲ ಮೇಜಿಗೆ ಬಂತು.
ಯೂರ್ಗಾ ಕತ್ತರಿ ಎತ್ತಿ ಕೊಟ್ಟಳು.
“ಬೇಡ. ಇದರಲ್ಲಿ ಕತ್ತರಿಸೋದಿಲ್ಲ.
ಹೆಚ್ಚಾದದ್ದನ್ನು ಒಳಕ್ಕೆ ಮಡಚಿ ಹೊಲಿಗೆ ಹಾಕೋದು, ಅಷ್ಟೇ.
ನಾಳೆ ನೀನು ದಪ್ಪಗಾಗಬಹುದು.”

ಈಗ, ಹ್ಯಾಡಕ್ ಪೆಟ್ಟಿಗೆ ಇಳಿಸಲು ಕೈ ಎತ್ತಿದಾಗಲೆಲ್ಲ
ಕಂಕುಳ ಕೆಳಗೆ ಒತ್ತುತ್ತದೆ
ಒಳಗೆ ಹಿಡಿದ ಬಟ್ಟೆಯ ಗಡುಸು ಪದರ:
ನವೆಂಬರು, ಕ್ರಿಸ್‌ಮಸ್ಸು,
ಫೆಬ್ರವರಿ.